‘ಟಿ’ ಯಾವ ಟೈಪ್? ಪ್ಯಾಸ್ಕಲ್ ಜೆನೆರಿಕ್ ಮತ್ತು ಆರ್‌ಟಿಟಿಐ ಒಟ್ಟಿಗೆ ಕೆಲಸ ಮಾಡುವ ಬಗೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ದಿನದ ಲೆಕ್ಕವನ್ನು ಕಂಪ್ಯೂಟರಿಗೆ ಇಳಿಸಬೇಕು ಎಂದುಕೊಳ್ಳಿ. ಮಾಲಿನ ವರ್ಗ ಬರೆಯಬೇಕು: ಸರಕು, ಬೆಟ್ಟೆ, ರಾಶಿ, ಗೊರಬಲು. ಕ್ವಿಂಟಾಲಿನ ದರ ಬರೆಯಬೇಕು, ಅದು ಹಣ. ಮಾಲು ಬಂದ ದಿನ ಬರೆಯಬೇಕು, ಅದು ದಿನಾಂಕ. ಬೆಳೆಗಾರರ ಊರು ತೀರ್ಥಹಳ್ಳಿಯೋ ಹೊಸನಗರವೋ, ಅದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಬೆಳೆಯ ಗತಿಯನ್ನು ಅಂದಾಜು ಮಾಡಲು ಆಗುಂಬೆಯ ಮಳೆಯನ್ನು ಮಿಲಿಮೀಟರಿನಲ್ಲಿ, ಲಿಂಗನಮಕ್ಕಿಯ ನೀರಿನ ಮಟ್ಟವನ್ನು ಅಡಿಯಲ್ಲಿ ದಾಖಲಿಸುವ ಆಸೆಯೂ ಇದ್ದರೆ ಇನ್ನೆರಡು ಅಂಕಣ ಸೇರುತ್ತವೆ. ಇವೆಲ್ಲವನ್ನೂ ಕಡತಕ್ಕೆ ಬರೆಯುವ ಕೆಲಸದ ಚೌಕಟ್ಟು ಒಂದೇ. ಆದರೆ ಒಳಗಿನ ಬೆಲೆಯ (ವ್ಯಾಲ್ಯೂ) ಟೈಪ್, ಅಂದರೆ ಅದರ ಬಗೆ, ಪ್ರತಿ ಸಲವೂ ಬೇರೆ.

ಪ್ರತಿ ಟೈಪಿಗೂ ಒಂದೊಂದು ಪ್ರೊಸೀಜರ್ ಬರೆದರೆ ಅದೇ ಸಾಲುಗಳು ಆರು ಕಡೆ ಬಂದು ಕೂರುತ್ತವೆ, ಒಂದು ಕಡೆ ತಿದ್ದಿದ್ದು ಇನ್ನೈದು ಕಡೆ ಉಳಿದುಬಿಡುತ್ತದೆ. ಇದಕ್ಕೆ ಪ್ಯಾಸ್ಕಲ್ ಪ್ರೋಗ್ರಾಮಿಂಗ್ ಭಾಷೆ ಕೊಡುವ ಪರಿಹಾರ ಜೆನೆರಿಕ್: ‘ಟಿ’ ಎಂಬ ಹೆಸರಿಟ್ಟು ಒಮ್ಮೆ ಬರೆಯುವುದು, ಬಳಸುವಾಗ ಟಿ ಜಾಗದಲ್ಲಿ ಬೇಕಾದ ಟೈಪನ್ನು ಇಡುವುದು. ಪಟ್ಟಿಗೆ ಸೇರಿಸುವುದು, ತೆಗೆಯುವುದು ಇಂಥ ಕೆಲಸಕ್ಕೆ ಟಿ ಏನು ಎಂಬುದು ಗೊತ್ತಿರಬೇಕಿಲ್ಲ. ಕಡತಕ್ಕೆ ಬರೆಯುವಾಗ ಮಾತ್ರ ಗೊತ್ತಿರಲೇಬೇಕು. ದಿನಾಂಕಕ್ಕೆ ಒಂದು ರೂಪ, ಹಣಕ್ಕೆ ಇನ್ನೊಂದು, ವರ್ಗಕ್ಕೆ ಅದರ ಹೆಸರು. ಹಾಗಾಗಿ ಜೆನೆರಿಕ್ ಕೋಡ್ ತನ್ನನ್ನೇ ‘ಈಗ ಟಿ ಯಾವುದು?’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಉತ್ತರ ಕೊಡುವುದು ಆರ್‌ಟಿಟಿಐ, ಅಂದರೆ ಪ್ರೋಗ್ರಾಂ ಓಡುತ್ತಿರುವಾಗ ಸಿಗುವ ಟೈಪಿನ ಮಾಹಿತಿ.

ಈ ಎರಡು ಸೌಲಭ್ಯಗಳು ಒಟ್ಟಿಗೆ ಹುಟ್ಟಿದವಲ್ಲ. ನಿಕ್ಲಾಸ್ ವಿರ್ತ್ 1970ರಲ್ಲಿ ರೂಪಿಸಿದ ಮೂಲ ಪ್ಯಾಸ್ಕಲ್‌ನಲ್ಲಿ ಎರಡೂ ಇರಲಿಲ್ಲ. 1995ರಲ್ಲಿ ಬಂದ, ಪ್ಯಾಸ್ಕಲ್ ಆಧರಿಸಿದ ಡೆಲ್ಫಿ ಎಂಬ ತಂತ್ರಾಂಶ ತಯಾರಿಕೆಯ ಸಾಧನಕ್ಕೆ ಫಾರ್ಮ್ ವಿನ್ಯಾಸದ ಪರದೆಯಲ್ಲಿ ಬಟನ್‌ನ ಬಣ್ಣ, ಅಗಲ, ಹೆಸರುಗಳನ್ನು ಪಟ್ಟಿ ಮಾಡಿ ತೋರಿಸಬೇಕಿತ್ತು, ಮತ್ತೆ ಕಡತದಿಂದ ಓದಿ ತುಂಬಬೇಕಿತ್ತು. ಅದಕ್ಕಾಗಿ ‘ಪಬ್ಲಿಶ್ಡ್’ ಎಂದು ಗುರುತಿಸಿದ ಪ್ರಾಪರ್ಟಿಗಳ ವಿವರವನ್ನು ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ತಂತ್ರಾಂಶ) ಪ್ರೋಗ್ರಾಮಿನೊಳಗೇ ಬರೆದಿಡುತ್ತಿತ್ತು. ವಿಂಡೋಸ್‌ಗಾಗಿ ಕೋಡ್ ತಯಾರಿಸುವ ಡೆಲ್ಫಿಗೆ ಜೆನೆರಿಕ್ ಬಂದದ್ದು 2009ರ ಆವೃತ್ತಿಯಲ್ಲಿ. ಫೀಲ್ಡು, ಮೆಥಡ್, ಅಟ್ರಿಬ್ಯೂಟ್‌ಗಳವರೆಗೆ ವಿಸ್ತರಿಸಿದ ಆರ್‌ಟಿಟಿಐ ಬಂದದ್ದು 2010ರ ಆವೃತ್ತಿಯಲ್ಲಿ. ಇನ್ನೊಂದು ಪ್ಯಾಸ್ಕಲ್ ಕಂಪೈಲರ್ ಆದ ಫ್ರೀ ಪ್ಯಾಸ್ಕಲ್ ತನ್ನದೇ ಬರವಣಿಗೆಯ ಜೆನೆರಿಕ್ ಅನ್ನು 2007ರಲ್ಲಿ, 2.2 ಆವೃತ್ತಿಯಲ್ಲಿ ಕೊಟ್ಟಿತು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಕ್ಕೆ ಹುಟ್ಟಿದ ಎರಡನ್ನು ನಾವು ಈಗ ಒಟ್ಟಿಗೆ ಬಳಸುತ್ತಿದ್ದೇವೆ. ಮುಂದೆ ಕಾಣಿಸುವ ತೊಡಕುಗಳಲ್ಲಿ ಬಹುಪಾಲು ಈ ಹೊಲಿಗೆಯ ಜಾಗದಲ್ಲೇ ಇವೆ.

ಮೊದಲು ಜೆನೆರಿಕ್ ಏನು ಮಾಡುತ್ತದೆ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಟಿಲಿಸ್ಟ್ ಎಂಬ ಜೆನೆರಿಕ್ ಕ್ಲಾಸನ್ನು ಇಂಟಿಜರ್‌ಗೂ ಸ್ಟ್ರಿಂಗ್‌ಗೂ ಬಳಸಿದರೆ ಕಂಪೈಲರ್ ಎರಡು ಬೇರೆ ಕ್ಲಾಸುಗಳನ್ನೇ ತಯಾರಿಸುತ್ತದೆ. ಟಿ ಎಂಬುದು ಕಂಪೈಲ್ ಆಗುವ ಹೊತ್ತಿಗೆ ಕರಗಿಹೋಗುತ್ತದೆ, ಓಡುವ ಪ್ರೋಗ್ರಾಮಿನಲ್ಲಿ ಟಿ ಎಂಬ ವಸ್ತುವೇ ಇಲ್ಲ. ಉಳಿಯುವುದು ಇಂಟಿಜರ್ ಪಟ್ಟಿ ಮತ್ತು ಸ್ಟ್ರಿಂಗ್ ಪಟ್ಟಿ ಮಾತ್ರ. ಆದರೆ ನಾವು ಬರೆಯುವ ಕೋಡ್ ಟಿ ಇರುವ ಹಂತದ್ದು. ಡೆಲ್ಫಿ ಆ ಹಂತದಲ್ಲೇ ಕೋಡನ್ನು ಪರೀಕ್ಷಿಸುತ್ತದೆ: ನಿರ್ಬಂಧ ಹಾಕದ ಎರಡು ಟಿ ಬೆಲೆಗಳನ್ನು ‘ಚಿಕ್ಕದು’ ಚಿಹ್ನೆಯಿಂದ ಹೋಲಿಸಿದರೆ, ಇಂಟಿಜರ್‌ಗಷ್ಟೇ ಬಳಸುವ ಉದ್ದೇಶ ನಮಗಿದ್ದರೂ, ಒಪ್ಪುವುದಿಲ್ಲ. ಫ್ರೀ ಪ್ಯಾಸ್ಕಲ್ ಇಲ್ಲಿ ಸಡಿಲ. ನಿಜವಾದ ಟೈಪ್ ಬಂದು ಕೂತ ಮೇಲೆ ನೋಡೋಣ ಎಂದು ಮುಂದೂಡುತ್ತದೆ. ಹೀಗಾಗಿ ಫ್ರೀ ಪ್ಯಾಸ್ಕಲ್‌ನಲ್ಲಿ ಸರಾಗವಾಗಿ ಕಂಪೈಲ್ ಆದ ಜೆನೆರಿಕ್ ಯೂನಿಟ್ ಡೆಲ್ಫಿಯಲ್ಲಿ ತಕರಾರು ತೆಗೆಯುವುದು ಸಾಮಾನ್ಯ.

ಎರಡನ್ನೂ ಜೋಡಿಸುವ ಕೊಂಡಿ ‘ಟೈಪ್‌ಇನ್ಫೋ’ ಎಂಬ ಅಂತರ್ಗತ ಫಂಕ್ಷನ್. ಜೆನೆರಿಕ್ ಮೆಥಡ್ಡಿನೊಳಗೆ ಟೈಪ್‌ಇನ್ಫೋ(ಟಿ) ಎಂದು ಬರೆದರೆ ಟಿ ಜಾಗಕ್ಕೆ ಬಂದ ಟೈಪಿನ ವಿವರವಿರುವ ಜಾಗದ ಪಾಯಿಂಟರ್, ಅಂದರೆ ವಿಳಾಸ, ಸಿಗುತ್ತದೆ. ಮಂಡಿಗೆ ಬಂದ ಚೀಲಕ್ಕೆ ಕಟ್ಟಿರುವ ಚೀಟಿಯಂತೆ ಇದು: ಚೀಲ ಬಿಚ್ಚದೆಯೇ ಒಳಗಿನ ಮಾಲು ಯಾವುದು, ಯಾರದು ಎಂದು ಹೇಳುತ್ತದೆ. ಆ ಪಾಯಿಂಟರ್ ಹಿಡಿದು ನಾವು ಮೂರು ಆಳದಲ್ಲಿ ಪ್ರಶ್ನೆ ಕೇಳಬಹುದು. ಟಿ ಯಾವ ಪಂಗಡಕ್ಕೆ ಸೇರಿದ್ದು? ಟಿ ನಿಖರವಾಗಿ ಯಾವ ಟೈಪ್? ಟಿ ಒಳಗೆ ಏನೇನಿದೆ? ಜೆನೆರಿಕ್ ಮತ್ತು ಆರ್‌ಟಿಟಿಐ ಬೆರೆಸಿದ ಕೋಡಿನಲ್ಲಿ ನಾನು ಕಂಡಿರುವ ದೋಷಗಳಲ್ಲಿ ಹೆಚ್ಚಿನವು ಮೊದಲ ಪ್ರಶ್ನೆಯಲ್ಲೇ ನಿಂತುಬಿಟ್ಟದ್ದರಿಂದ ಆದವು. ಆದ್ದರಿಂದ ಅದನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

ಪಂಗಡ ಎಂದರೆ ‘ಕೈಂಡ್’ ಎಂಬ ಫೀಲ್ಡು. ಪೂರ್ಣಾಂಕ, ಎನ್ಯೂಮರೇಶನ್ (ಹೆಸರುಗಳ ನಿಗದಿತ ಪಟ್ಟಿ), ದಶಮಾಂಶ ಸಂಖ್ಯೆ, ಸ್ಟ್ರಿಂಗ್, ರೆಕಾರ್ಡ್ (ಹಲವು ಫೀಲ್ಡುಗಳ ಕಟ್ಟು), ಕ್ಲಾಸ್, ಇಂಟರ್‌ಫೇಸ್, ಡೈನಾಮಿಕ್ ಅರೇ ಹೀಗೆ ಕೆಲವೇ ಪಂಗಡಗಳು. ಕೈಂಡ್ ನೋಡಿ ಕವಲೊಡೆಯುವ ಒಂದು ‘ಕೇಸ್’ ವಾಕ್ಯ ಬರೆದರೆ ಕೆಲಸ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಪಂಗಡ ದಶಮಾಂಶ ಸಂಖ್ಯೆ, ಗಾತ್ರ ಎಂಟು ಬೈಟ್, ಹಾಗಾದರೆ ಡಬಲ್ (ಎಂಟು ಬೈಟಿನ ದಶಮಾಂಶ ಟೈಪ್) ಎಂದುಕೊಂಡು, ಟಿ ಬೆಲೆಯ ವಿಳಾಸವನ್ನು ಡಬಲ್ ಪಾಯಿಂಟರಿಗೆ ಬದಲಿಸಿ ಓದಿಬಿಡುತ್ತೇವೆ.

ಮಳೆಯ ಅಂಕಿಗೆ ಇದು ಸರಿಹೋಗುತ್ತದೆ. ಅಡಿಕೆ ದರಕ್ಕೆ ಹೋಗುವುದಿಲ್ಲ. ಹಣವನ್ನು ಡಬಲ್‌ನಲ್ಲಿಡದೆ ‘ಕರೆನ್ಸಿ’ ಟೈಪಿನಲ್ಲಿ ಇಡುವುದು ಪ್ಯಾಸ್ಕಲ್ ಬಳಸುವವರ ಒಳ್ಳೆಯ ರೂಢಿ. ಪೈಸೆಯ ಲೆಕ್ಕ ಅದರಲ್ಲಿ ತಪ್ಪುವುದಿಲ್ಲ. ಆ ನಿಖರತೆ ಬರುವುದು ಕರೆನ್ಸಿಯ ಒಳರೂಪದಿಂದ: ಅದು 64 ಬಿಟ್‌ನ ಪೂರ್ಣಾಂಕ, ನಿಜವಾದ ಬೆಲೆಯನ್ನು 10,000ದಿಂದ ಗುಣಿಸಿ ಇಟ್ಟದ್ದು. ಕ್ವಿಂಟಾಲಿಗೆ 50,000 ರೂಪಾಯಿ ಎಂಬುದು ಕಂಪ್ಯೂಟರಿನ ಸ್ಮೃತಿಯಲ್ಲಿ 50 ಕೋಟಿ ಎಂಬ ಪೂರ್ಣಾಂಕವಾಗಿ ಕೂತಿರುತ್ತದೆ. ಆದರೂ ಆರ್‌ಟಿಟಿಐ ದೃಷ್ಟಿಯಲ್ಲಿ ಕರೆನ್ಸಿಯ ಪಂಗಡ ದಶಮಾಂಶ ಸಂಖ್ಯೆಯೇ, ಗಾತ್ರವೂ ಎಂಟೇ ಬೈಟ್. ಆ ಬಿಟ್‌ಗಳನ್ನು ಡಬಲ್ ಎಂದು ಓದಿದರೆ ಸೊನ್ನೆಗೆ ತೀರಾ ಹತ್ತಿರದ, ದಶಮಾಂಶ ಬಿಂದುವಿನ ನಂತರ ಮುನ್ನೂರಕ್ಕೂ ಹೆಚ್ಚು ಸೊನ್ನೆಗಳಿರುವ ಸಂಖ್ಯೆ ಸಿಗುತ್ತದೆ. ಎರಡು ದಶಮಾಂಶ ಸ್ಥಾನಕ್ಕೆ ಮುದ್ರಿಸಿದರೆ 0.00. ದೋಷ ಸಂದೇಶವಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ, ರೈತನ ಪಟ್ಟಿಯಲ್ಲಿ ದರ ಸೊನ್ನೆ ಎಂದು ಬರುತ್ತದೆ.

ಇದಕ್ಕೆ ಪರಿಹಾರ ಒಂದು ಹೆಜ್ಜೆ ಮುಂದೆ ಕೇಳುವುದು. ‘ಗೆಟ್‌ಟೈಪ್‌ಡೇಟಾ’ ಎಂಬ ಫಂಕ್ಷನ್ ಪಂಗಡದ ಒಳವಿವರಗಳನ್ನು ಕೊಡುತ್ತದೆ. ದಶಮಾಂಶ ಪಂಗಡಕ್ಕೆ ಅದರಲ್ಲಿ ‘ಫ್ಲೋಟ್‌ಟೈಪ್’ ಎಂಬ ಫೀಲ್ಡಿದೆ. ಸಿಂಗಲ್, ಡಬಲ್, ಎಕ್ಸ್‌ಟೆಂಡೆಡ್, ಕಾಂಪ್, ಕರೆನ್ಸಿ ಇವುಗಳಲ್ಲಿ ಯಾವುದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಪೂರ್ಣಾಂಕ ಮತ್ತು ಎನ್ಯೂಮರೇಶನ್‌ಗಳಿಗೆ ‘ಆರ್ಡ್‌ಟೈಪ್’ ಇದೆ. ಬೆಲೆ ಒಂದು ಬೈಟೋ ಎರಡೋ ನಾಲ್ಕೋ, ಋಣ ಚಿಹ್ನೆ ಇರುವುದೋ ಇಲ್ಲದ್ದೋ ಎಂಬುದು ಅದರಲ್ಲಿದೆ. ಕೈಂಡ್ ನೋಡಿದ ಮೇಲೆ ಇವನ್ನು ನೋಡದೆ ಯಾವ ಪಾಯಿಂಟರನ್ನೂ ಬದಲಿಸಬಾರದು. ಈ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ದಿನಾಂಕದ ಸಮಸ್ಯೆ ಬೇರೆ ತರಹದ್ದು. ‘ಟಿಡೇಟ್‌ಟೈಮ್’ ಒಳಗಿನಿಂದ ನಿಜಕ್ಕೂ ಡಬಲ್. 1899ರ ಡಿಸೆಂಬರ್ 30ರಿಂದ ಎಷ್ಟು ದಿನ ಕಳೆದಿವೆ ಎಂಬ ಎಣಿಕೆ ಅದು. ವಿರ್ತ್ ತೀರಿಕೊಂಡ 2024ರ ಜನವರಿ 1 ಅದರಲ್ಲಿ 45292. ಕೈಂಡ್ ಕೇಳಿದರೂ ಫ್ಲೋಟ್‌ಟೈಪ್ ಕೇಳಿದರೂ ಡಬಲ್‌ಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿ ಎರಡನೆಯ ಪ್ರಶ್ನೆ ಬೇಕು: ಟೈಪ್‌ಇನ್ಫೋ(ಟಿ) ಮತ್ತು ಟೈಪ್‌ಇನ್ಫೋ(ಟಿಡೇಟ್‌ಟೈಮ್) ಎರಡೂ ಒಂದೇ ಪಾಯಿಂಟರೇ ಎಂದು ಹೋಲಿಸುವುದು. ಟಿಡೇಟ್‌ಟೈಮ್ ಅನ್ನು ಘೋಷಿಸುವಾಗ ಸಮ ಚಿಹ್ನೆಯ ನಂತರ ‘ಟೈಪ್’ ಎಂಬ ಪದವನ್ನು ಮತ್ತೊಮ್ಮೆ ಬರೆದು ಆಮೇಲೆ ಡಬಲ್ ಎಂದಿದ್ದಾರೆ. ಆ ಒಂದು ಪದದಿಂದಾಗಿ ಕಂಪೈಲರ್ ಅದಕ್ಕೆ ಸ್ವಂತ ಗುರುತು ಕೊಡುತ್ತದೆ. ಆ ಪದವಿಲ್ಲದೆ ಬರೆದಿದ್ದರೆ ಅದು ಡಬಲ್‌ಗೆ ಇನ್ನೊಂದು ಹೆಸರಷ್ಟೇ ಆಗುತ್ತಿತ್ತು, ಗುರುತು ಹಂಚಿಕೆಯಾಗುತ್ತಿತ್ತು.

ಈ ಸೌಲಭ್ಯ ನಮಗೂ ತೆರೆದಿದೆ. ಮಳೆಗೆ ಒಂದು, ಜಲಾಶಯದ ಮಟ್ಟಕ್ಕೆ ಒಂದು, ಹೀಗೆ ಡಬಲ್‌ನಿಂದಲೇ ಎರಡು ಸ್ವತಂತ್ರ ಟೈಪುಗಳನ್ನು ಘೋಷಿಸಬಹುದು. ಆಗ ಒಂದೇ ಜೆನೆರಿಕ್ ಬರಹಗಾರ ಕ್ಲಾಸ್ ಆಗುಂಬೆಯ ಅಂಕಿಗೆ ಮಿಲಿಮೀಟರ್ ಎಂದೂ ಲಿಂಗನಮಕ್ಕಿಯ 1819 ಅಡಿಯ ಪೂರ್ಣ ಮಟ್ಟಕ್ಕೆ ಅಡಿ ಎಂದೂ ತಾನೇ ಸೇರಿಸಬಲ್ಲದು. ಆದರೆ ಇದನ್ನು ಅಳತೆಯ ಕಾವಲು ಎಂದು ನಂಬಬೇಡಿ. ಅಡಿಯ ಚರದ ಬೆಲೆಯನ್ನು ಮಿಲಿಮೀಟರ್ ಚರಕ್ಕೆ ನಿಯೋಜಿಸಿದರೆ ಕಂಪೈಲರ್ ಸುಮ್ಮನೆ ಒಪ್ಪುತ್ತದೆ. ಗುರುತು ಬೇರೆ, ನಿಯೋಜನೆಯ ಹೊಂದಾಣಿಕೆ ಬೇರೆ.

ಇನ್ನು ಅಡಿಕೆಯ ವರ್ಗ. ನಾಲ್ಕು ಹೆಸರುಗಳ ಎನ್ಯೂಮರೇಶನ್ ಮಾಡಿಕೊಂಡರೆ ‘ಗೆಟ್‌ಎನಮ್‌ನೇಮ್’ ಫಂಕ್ಷನ್ ಪ್ರತಿ ಬೆಲೆಯ ಹೆಸರನ್ನು ಕೊಡುತ್ತದೆ. ಫಾರ್ಮ್ ವಿನ್ಯಾಸದ ಪರದೆಯಲ್ಲಿ ಆಯ್ಕೆಗಳ ಹೆಸರು ತೋರಿಸಬೇಕಿತ್ತಲ್ಲ, ಆ ಕಾಲದಿಂದಲೂ ಇದು ಇದೆ. ಜೆನೆರಿಕ್ ಒಳಗಿನ ತೊಡಕೆಂದರೆ ಆ ಫಂಕ್ಷನ್‌ಗೆ ಕ್ರಮಸಂಖ್ಯೆ ಬೇಕು, ಟಿ ಮೇಲೆ ‘ಆರ್ಡ್’ ಬಳಸಲು ಡೆಲ್ಫಿ ಬಿಡುವುದಿಲ್ಲ, ‘ಟಿ ಎನ್ಯೂಮರೇಶನ್ ಆಗಿರಲೇಬೇಕು’ ಎಂಬ ನಿರ್ಬಂಧ ಹಾಕುವ ದಾರಿಯೂ ಇಲ್ಲ. ಆದ್ದರಿಂದ ಸೈಜ್‌ಆಫ್(ಟಿ) ನೋಡಿ, ಒಂದು ಬೈಟ್ ಇದ್ದರೆ ಬೈಟ್ ಪಾಯಿಂಟರಿನಿಂದ, ಎರಡಿದ್ದರೆ ವರ್ಡ್ ಪಾಯಿಂಟರಿನಿಂದ ಬೆಲೆ ಓದಿಕೊಳ್ಳಬೇಕು. ಓದಿದ ಸಂಖ್ಯೆ ಗೆಟ್‌ಟೈಪ್‌ಡೇಟಾ ಹೇಳುವ ಕನಿಷ್ಠ ಮತ್ತು ಗರಿಷ್ಠ ಬೆಲೆಗಳ ನಡುವೆ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಹೆಸರು ಕೇಳಬೇಕು.

ಇಲ್ಲೊಂದು ಮುಖ್ಯವಾದ ಅಪವಾದವಿದೆ. ಎನ್ಯೂಮರೇಶನ್‌ನ ಹೆಸರುಗಳಿಗೆ ನಾವೇ ಬೆಲೆ ಕೊಟ್ಟು, ಮೊದಲನೆಯದು 10, ಎರಡನೆಯದು 20 ಎಂಬಂತೆ ನಡುವೆ ತೆರಪು ಬಿಟ್ಟರೆ, ಡೆಲ್ಫಿ ಆ ಟೈಪಿಗೆ ಆರ್‌ಟಿಟಿಐ ತಯಾರಿಸುವುದೇ ಇಲ್ಲ. ನೇರವಾಗಿ ಕೇಳಿದರೆ ಕಂಪೈಲರ್ ದೋಷ ತೋರಿಸುತ್ತದೆ. ಜೆನೆರಿಕ್ ಮೂಲಕ ಕೇಳಿದರೆ ಟೈಪ್‌ಇನ್ಫೋ(ಟಿ) ‘ನಿಲ್’ (ಖಾಲಿ ಪಾಯಿಂಟರ್) ಆಗಿ ಬರುತ್ತದೆ, ಅದರ ಕೈಂಡ್ ಓದಲು ಹೋದ ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ. ಆದ್ದರಿಂದ ಜೆನೆರಿಕ್ ಕೋಡಿನ ಮೊದಲ ಸಾಲಿನಲ್ಲೇ ನಿಲ್ ಪರೀಕ್ಷೆ ಇರಲಿ. ರಸೀದಿಯಲ್ಲಿ ‘ರಾಶಿ’ ಎಂದು ಕನ್ನಡದಲ್ಲೇ ಅಚ್ಚಾಗಬೇಕಾದರೆ ಗೆಟ್‌ಎನಮ್‌ನೇಮ್ ಬಳಸಬೇಡಿ ಎಂಬುದು ನನ್ನ ಸಲಹೆ. ಅದು ಕೊಡುವುದು ಕೋಡಿನಲ್ಲಿ ಬರೆದ ಹೆಸರು. ಎನ್ಯೂಮರೇಶನ್ನನ್ನೇ ಸೂಚ್ಯಂಕವಾಗಿಟ್ಟ ಸ್ಥಿರ ಅರೇ ಒಂದರಲ್ಲಿ ಕನ್ನಡ ಹೆಸರುಗಳನ್ನು ಬರೆದಿಡಿ. ನಾಳೆ ಐದನೆಯ ವರ್ಗ ಸೇರಿಸಿ ಅರೇಯಲ್ಲಿ ಹೆಸರು ಸೇರಿಸಲು ಮರೆತರೆ ಕಂಪೈಲರೇ ತಡೆಯುತ್ತದೆ. ಓಡುವಾಗ ವಿಚಾರಿಸುವುದಕ್ಕಿಂತ ಕಂಪೈಲ್ ಆಗುವಾಗಲೇ ಸಿಕ್ಕಿಬೀಳುವುದು ಯಾವಾಗಲೂ ಲೇಸು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ರೆಕಾರ್ಡಿನ ವಿಷಯದಲ್ಲಿ. ದಿನದ ವಹಿವಾಟನ್ನು ಊರು ಮತ್ತು ವರ್ಗದ ಪ್ರಕಾರ ಒಟ್ಟುಗೂಡಿಸಲು, ಆ ಎರಡು ಫೀಲ್ಡುಗಳಿರುವ ರೆಕಾರ್ಡನ್ನೇ ಕೀಲಿಯಾಗಿಸಿ, ಕೀಲಿ ಕೊಟ್ಟರೆ ಅದರ ಬೆಲೆ ಹುಡುಕಿಕೊಡುವ ಟಿಡಿಕ್ಷನರಿ ಬಳಸಿದೆವು ಎನ್ನಿ. ಎರಡು ಕೀಲಿಗಳು ಸಮವೇ ಎಂದು ಡಿಕ್ಷನರಿಗೆ ತಿಳಿಯಬೇಕು. ನಾವು ಏನೂ ಹೇಳದಿದ್ದರೆ ಅದು ಪೂರ್ವನಿಯೋಜಿತ ಹೋಲಿಕೆಯನ್ನು ಬಳಸುತ್ತದೆ. ಆ ಹೋಲಿಕೆ ಒಳಗೆ ಮಾಡುವುದು ನಾವು ಇಲ್ಲಿಯವರೆಗೆ ನೋಡಿದ್ದನ್ನೇ: ಟೈಪ್‌ಇನ್ಫೋ(ಟಿ) ಮತ್ತು ಗಾತ್ರ ತೆಗೆದುಕೊಂಡು, ಕೈಂಡ್ ನೋಡಿ, ತಕ್ಕ ಫಂಕ್ಷನ್ ಆರಿಸುವುದು. ಸ್ಟ್ರಿಂಗ್ ಆದರೆ ಅಕ್ಷರಗಳನ್ನು ಹೋಲಿಸುತ್ತದೆ. ರೆಕಾರ್ಡ್ ಆದರೆ ಬೈಟ್‌ಗೆ ಬೈಟ್ ಹೋಲಿಸುತ್ತದೆ, ಒಳಗಿನ ಫೀಲ್ಡುಗಳ ಗೊಡವೆಗೆ ಹೋಗುವುದಿಲ್ಲ.

ರೆಕಾರ್ಡಿನೊಳಗಿನ ಸ್ಟ್ರಿಂಗ್ ಫೀಲ್ಡಿನಲ್ಲಿ ಅಕ್ಷರಗಳಿರುವುದಿಲ್ಲ, ಅಕ್ಷರಗಳಿರುವ ಜಾಗದ ವಿಳಾಸ ಇರುತ್ತದೆ. ಕಡತದಿಂದ ಎರಡು ಸಲ ಓದಿದ ‘ಸಾಗರ’ ಎರಡು ಬೇರೆ ವಿಳಾಸಗಳಲ್ಲಿ ಕೂರುತ್ತದೆ. ಬೈಟ್ ಹೋಲಿಕೆಗೆ ಅವು ಬೇರೆ ಬೇರೆ ಊರು. ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬರುವ ಬದಲು ಸಾಗರ ಹತ್ತಾರು ಸಲ ಕಾಣಿಸುತ್ತದೆ. ಪರೀಕ್ಷಿಸುವಾಗ ಒಂದೇ ಚರದಿಂದ ಎರಡೂ ರೆಕಾರ್ಡುಗಳಿಗೆ ಊರನ್ನು ತುಂಬಿದ್ದರೆ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಆಗ ಎರಡಕ್ಕೂ ವಿಳಾಸ ಒಂದೇ. ನಿಜವಾದ ದತ್ತಾಂಶ ಬಂದಾಗಲೇ ಬಯಲಾಗುವ ದೋಷ ಇದು. ಸ್ಟ್ರಿಂಗ್ ಇಲ್ಲದಿದ್ದರೂ ನಿಶ್ಚಿಂತೆಯಿಲ್ಲ. ಒಂದು ಬೈಟ್‌ನ ವರ್ಗ ಮತ್ತು ಎಂಟು ಬೈಟ್‌ನ ಡಬಲ್ ಇರುವ ರೆಕಾರ್ಡ್ ಸಾಮಾನ್ಯ ಜೋಡಣೆಯಲ್ಲಿ 16 ಬೈಟ್ ಹಿಡಿಯುತ್ತದೆ. ನಡುವಿನ ಏಳು ಬೈಟ್‌ಗಳು ಖಾಲಿ ಜಾಗ. ಸ್ಥಳೀಯ ಚರವಾದರೆ ಆ ಜಾಗದಲ್ಲಿ ಹಿಂದಿನ ಯಾವುದೋ ಕಸ ಉಳಿದಿರಬಹುದು, ಹೋಲಿಕೆ ಆ ಕಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ರೆಕಾರ್ಡನ್ನು ಕೀಲಿಯಾಗಿಸುವಾಗ ಸಮಾನತೆಯ ಫಂಕ್ಷನ್ ಮತ್ತು ಹ್ಯಾಶ್ ಫಂಕ್ಷನ್ (ಹುಡುಕಲು ಕೀಲಿಯಿಂದ ಒಂದು ಸಂಖ್ಯೆ ತಯಾರಿಸುವುದು) ಎರಡನ್ನೂ ನಾವೇ ಬರೆದು, ‘ಟಿಈಕ್ವಾಲಿಟಿಕಂಪೇರರ್’ ಕ್ಲಾಸಿನ ‘ಕನ್‌ಸ್ಟ್ರಕ್ಟ್’ ಮೆಥಡ್ಡಿನ ಮೂಲಕ ಡಿಕ್ಷನರಿಗೆ ಒಪ್ಪಿಸಬೇಕು. ಎರಡೂ ಒಂದೇ ಫೀಲ್ಡುಗಳನ್ನು ನೋಡಬೇಕು. ಸಮವೆಂದು ಹೇಳಿದ ಎರಡು ಕೀಲಿಗಳಿಗೆ ಹ್ಯಾಶ್ ಬೇರೆ ಬಂದರೆ ಸೇರಿಸಿದ್ದು ಹುಡುಕಿದಾಗ ಸಿಗುವುದಿಲ್ಲ.

ಮೂರನೆಯ ಪ್ರಶ್ನೆ, ಅಂದರೆ ಒಳಗೇನಿದೆ ಎಂಬುದಕ್ಕೆ 2010ರ ನಂತರದ ಡೆಲ್ಫಿಯಲ್ಲಿ ‘ಟಿಆರ್‌ಟಿಟಿಐಕಾಂಟೆಕ್ಸ್ಟ್’ ಇದೆ. ಅದಕ್ಕೆ ಟೈಪ್‌ಇನ್ಫೋ(ಟಿ) ಕೊಟ್ಟರೆ ರೆಕಾರ್ಡಿನ ಪ್ರತಿ ಫೀಲ್ಡಿನ ಹೆಸರು, ಟೈಪ್ ಸಿಗುತ್ತವೆ. ಫೀಲ್ಡಿನ ಬೆಲೆ ‘ಟಿವ್ಯಾಲ್ಯೂ’ ಎಂಬ ಪೊಟ್ಟಣದಲ್ಲಿ ಬರುತ್ತದೆ. ಟಿವ್ಯಾಲ್ಯೂ ಬೆಲೆಯ ಜೊತೆಗೆ ಅದರ ಟೈಪ್ ಮಾಹಿತಿಯನ್ನೂ ಇಟ್ಟುಕೊಂಡಿರುವುದರಿಂದ ಕರೆನ್ಸಿ, ಡಬಲ್ ಗೊಂದಲವನ್ನು ತಾನೇ ನಿಭಾಯಿಸುತ್ತದೆ. ಅಂಕಣದ ಅಗಲ, ಶೀರ್ಷಿಕೆಯಂಥ ವಿವರಗಳನ್ನು ಅಟ್ರಿಬ್ಯೂಟ್ ಆಗಿ ಫೀಲ್ಡಿನ ಮೇಲೆಯೇ ಬರೆದು ಇಲ್ಲಿ ಓದಿಕೊಳ್ಳಬಹುದು. ಸವಲತ್ತು ದೊಡ್ಡದು, ವೇಗ ಕಡಿಮೆ. ಸಾವಿರಾರು ಸಾಲುಗಳನ್ನು ಬರೆಯುವಾಗ ಪ್ರತಿ ಸಾಲಿಗೂ ಫೀಲ್ಡುಗಳ ಪಟ್ಟಿಯನ್ನು ಹೊಸದಾಗಿ ಕೇಳಬಾರದು. ಜೆನೆರಿಕ್ ಕ್ಲಾಸಿನ ‘ಕ್ಲಾಸ್ ವೇರಿಯಬಲ್’ ಒಂದರಲ್ಲಿ ಒಮ್ಮೆ ಇಟ್ಟುಕೊಂಡರೆ ಸಾಕು. ಪ್ರತಿ ಟೈಪಿಗೂ ಕ್ಲಾಸ್ ಬೇರೆಯಾದ್ದರಿಂದ ಆ ಚರವೂ ಪ್ರತಿ ಟೈಪಿಗೂ ಬೇರೆಯಾಗಿಯೇ ಇರುತ್ತದೆ.

ವರ್ಷದ ಹನ್ನೆರಡು ತಿಂಗಳ ಮಳೆಯನ್ನು ಹನ್ನೆರಡು ಡಬಲ್‌ಗಳ ಅರೇ ಎಂದು ರೆಕಾರ್ಡಿನೊಳಗೇ ನೇರವಾಗಿ ಬರೆದರೆ ಆ ಫೀಲ್ಡಿನ ಟೈಪ್ ಕೇಳಿದಾಗ ನಿಲ್ ಬರುತ್ತದೆ. ಹೀಗೆ ಹೆಸರಿಲ್ಲದೆ ಬರೆದ ಸ್ಥಿರ ಅಳತೆಯ ಅರೇಗೆ ಆರ್‌ಟಿಟಿಐ ಇಲ್ಲ. ಅರೇಗೆ ಮೊದಲು ಪ್ರತ್ಯೇಕ ಹೆಸರು ಕೊಟ್ಟು, ಆ ಹೆಸರನ್ನು ಫೀಲ್ಡಿಗೆ ಬಳಸಿದರೆ ಸರಿಯಾಗುತ್ತದೆ.

ಫ್ರೀ ಪ್ಯಾಸ್ಕಲ್ 3.2 ಸರಣಿ ಬಳಸುವವರಿಗೆ ರೆಕಾರ್ಡಿನ ಫೀಲ್ಡುಗಳ ಹೆಸರು ಹೀಗೆ ಸಿಗುವುದಿಲ್ಲ. ಅಲ್ಲಿ ಹಳೆಯ ದಾರಿಯೇ ಗತಿ: ರೆಕಾರ್ಡಿನ ಬದಲು ಟಿಪರ್ಸಿಸ್ಟೆಂಟ್ ಎಂಬ ಮೂಲ ಕ್ಲಾಸಿನಿಂದ ಇಳಿದ ಕ್ಲಾಸ್, ಅದರಲ್ಲಿ ಪಬ್ಲಿಶ್ಡ್ ಪ್ರಾಪರ್ಟಿಗಳು. ಕೈಂಡ್, ಗೆಟ್‌ಟೈಪ್‌ಡೇಟಾ, ಗೆಟ್‌ಎನಮ್‌ನೇಮ್ ಮಾತ್ರ ಎರಡೂ ಕಡೆ ಇವೆ. ಫ್ರೀ ಪ್ಯಾಸ್ಕಲ್ ಬಳಸುವ ಲಜಾರಸ್ ಎಂಬ ಸಾಧನದಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಗಳು ಇಷ್ಟರಿಂದಲೇ ಬಹಳ ದೂರ ಹೋಗಬಹುದು.

ಡೆಲ್ಫಿ ಎಕ್ಸ್‌ಇ7ರಿಂದ ‘ಗೆಟ್‌ಟೈಪ್‌ಕೈಂಡ್’ ಎಂಬ ಇನ್ನೊಂದು ಅಂತರ್ಗತ ಫಂಕ್ಷನ್ ಇದೆ. ಇದು ಪಂಗಡದ ಪ್ರಶ್ನೆಗೆ ಕಂಪೈಲ್ ಆಗುವಾಗಲೇ ಉತ್ತರಿಸುತ್ತದೆ. ಡಬಲ್‌ಗಾಗಿ ತಯಾರಾದ ಕೋಡಿನಲ್ಲಿ ಸ್ಟ್ರಿಂಗ್‌ನ ಕವಲು ಉಳಿಯುವುದೇ ಇಲ್ಲ, ಕಂಪೈಲರ್ ಅದನ್ನು ಕತ್ತರಿಸಿ ಹಾಕುತ್ತದೆ. ಇದರ ಜೊತೆಗಾರ ‘ಈಸ್‌ಮ್ಯಾನೇಜ್ಡ್‌ಟೈಪ್’. ಟಿ ಒಳಗೆ ಸ್ಟ್ರಿಂಗ್, ಇಂಟರ್‌ಫೇಸ್, ಡೈನಾಮಿಕ್ ಅರೇಯಂಥ, ಉಲ್ಲೇಖಗಳ ಎಣಿಕೆ ಬೇಕಾದ ಅಂಶ ಇದೆಯೇ ಎಂದು ಅದು ಹೇಳುತ್ತದೆ. ಇದ್ದರೆ ಸ್ಮೃತಿಯನ್ನು ಬೈಟ್‌ಗಳಾಗಿ ನಕಲು ಮಾಡಬಾರದು. ಎಣಿಕೆ ತಪ್ಪಿ, ಇನ್ನೂ ಬಳಕೆಯಲ್ಲಿರುವ ಸ್ಟ್ರಿಂಗ್ ಬಿಡುಗಡೆಯಾಗಿಬಿಡುತ್ತದೆ. ಕತ್ತರಿಸಿ ಹಾಕುವ ಕವಲೂ ಟಿ ಯಾವುದಾಗಿದ್ದರೂ ಕಂಪೈಲ್ ಆಗುವಂತಿರಬೇಕು ಎಂಬುದು ನೆನಪಿರಲಿ. ಹಾಗಾಗಿಯೇ ಟಿ ಬೆಲೆಯನ್ನು ನೇರವಾಗಿ ಸ್ಟ್ರಿಂಗ್‌ಗೆ ಬದಲಿಸದೆ, ಅದರ ವಿಳಾಸವನ್ನು ಸ್ಟ್ರಿಂಗ್ ಪಾಯಿಂಟರಿಗೆ ಬದಲಿಸಿ ಓದುತ್ತೇವೆ.

ಕೊನೆಯದಾಗಿ, ಆರ್‌ಟಿಟಿಐಗೆ ಜೆನೆರಿಕ್ ಎಂಬ ಕಲ್ಪನೆಯೇ ಇಲ್ಲ. ಇಂಟಿಜರ್‌ಗಳ ಟಿಲಿಸ್ಟ್ ಅದರ ಕಣ್ಣಿಗೆ ಹೆಸರಿನಲ್ಲಿ ಕೋನಾವರಣವಿರುವ ಒಂದು ಮಾಮೂಲಿ ಕ್ಲಾಸ್. ಇದರ ಒಳ ಟೈಪ್ ಯಾವುದು ಎಂದು ಕೇಳುವ ಮೆಥಡ್ ಡೆಲ್ಫಿಯಲ್ಲಿಲ್ಲ. ಹೆಸರಿನ ಸ್ಟ್ರಿಂಗನ್ನೇ ಒಡೆದು ನೋಡುವವರಿದ್ದಾರೆ. ನಾನಂತೂ ಹಾಗೆ ಮಾಡುವುದಿಲ್ಲ. ಜೆನೆರಿಕ್ ಕ್ಲಾಸಿಗೆ ಟೈಪ್‌ಇನ್ಫೋ(ಟಿ) ಹಿಂದಿರುಗಿಸುವ ಒಂದು ವರ್ಚುವಲ್ ಮೆಥಡ್ ಸೇರಿಸಿ, ಜೆನೆರಿಕ್ ಅಲ್ಲದ ಮೂಲ ಕ್ಲಾಸಿನಲ್ಲಿ ಅದನ್ನು ಘೋಷಿಸುತ್ತೇನೆ. ಆಗ ಯಾವ ಪಟ್ಟಿ ಕೈಗೆ ಬಂದರೂ ಅದರ ಒಳ ಟೈಪನ್ನು ಅದರಿಂದಲೇ ಕೇಳಬಹುದು. ಓಡುವಾಗ ಹೊಸ ಟೈಪಿಗೆ ಜೆನೆರಿಕ್ ಕ್ಲಾಸನ್ನು ತಯಾರಿಸುವುದು ಸಾಧ್ಯವೇ ಇಲ್ಲ. ಡಾಟ್‌ನೆಟ್‌ನಲ್ಲಿ ಆ ಅನುಕೂಲವಿದೆ, ಇಲ್ಲಿ ಕೋಡಿನಲ್ಲಿ ಎಲ್ಲಾದರೂ ಬಳಸಿದ ಟೈಪುಗಳಿಗಷ್ಟೇ ಕ್ಲಾಸ್ ಇರುತ್ತದೆ. ಹೆಸರು ಕೊಟ್ಟು ಟೈಪ್ ಹುಡುಕುವ ‘ಫೈಂಡ್‌ಟೈಪ್’ ಮೆಥಡ್ಡಿಗೂ ಇಂಟರ್‌ಫೇಸ್ ವಿಭಾಗದಲ್ಲಿ ಘೋಷಿಸಿದ, ಲಿಂಕರ್ (ಕೊನೆಯಲ್ಲಿ ಪ್ರೋಗ್ರಾಮನ್ನು ಜೋಡಿಸುವ ಸಾಧನ) ಉಳಿಸಿದ ಟೈಪುಗಳು ಮಾತ್ರ ಕಾಣುತ್ತವೆ. ಆದ್ದರಿಂದ ಯೂನಿಟ್ಟಿನ ಇನಿಶಿಯಲೈಸೇಶನ್ ಭಾಗದಲ್ಲಿ ವರ್ಗ, ದರ, ದಿನಾಂಕ, ಮಳೆ, ಮಟ್ಟ ಒಂದೊಂದಕ್ಕೂ ಬರಹಗಾರ ಕ್ಲಾಸನ್ನು ತಯಾರಿಸಿ, ಟೈಪ್‌ಇನ್ಫೋ ಪಾಯಿಂಟರನ್ನೇ ಕೀಲಿಯಾಗಿಟ್ಟ ಡಿಕ್ಷನರಿಯಲ್ಲಿ ನೋಂದಾಯಿಸಿಡಿ. ಬಳಸಿದ್ದರಿಂದ ಲಿಂಕರ್ ಅವನ್ನು ತೆಗೆದುಹಾಕುವುದಿಲ್ಲ, ಮತ್ತು ನೋಂದಾಯಿಸದ ಟೈಪ್ ಬಂದರೆ ತಪ್ಪು ಅಂಕಿ ಬರೆಯುವ ಬದಲು ಪ್ರೋಗ್ರಾಂ ಆ ಟೈಪಿನ ಹೆಸರು ಹೇಳಿ ನಿಲ್ಲುತ್ತದೆ.